ಕಣಿವೆಯಲ್ಲಿ ಶೇಕಡಾ ಎರಡು ಮುಳುಗಿದರೆ ಮೀನಿಗೇನು, ಕಾಡುಪ್ರಾಣಿಗೇನು?

ಪ್ರಶ್ನೆ: ಬೆಟ್ಟಗಳ ನಡುವಿನ ಕಣಿವೆಯೊಂದರಲ್ಲಿ ಅಣೆಕಟ್ಟು ಕಟ್ಟಿ, ಸುರಂಗದ ಮೂಲಕ ನೀರನ್ನು ಕೆಳಗಿನ ವಿದ್ಯುತ್ ಕೇಂದ್ರಕ್ಕೂ ಅಲ್ಲಿಂದ ಕಾಲುವೆಗೂ ಒಯ್ಯುವ ಯೋಜನೆಯ ವರದಿ ನನ್ನ ಕೈಗೆ ಬಂದಿದೆ. "ಕಣಿವೆಯ ಶೇಕಡಾ 2ರಷ್ಟು ಜಾಗ ಮಾತ್ರ ಮುಳುಗುತ್ತದೆ. ನದಿಗೆ ಸರಾಸರಿ ಹರಿವಿನ ಶೇಕಡಾ 10ರಷ್ಟು ನೀರು ಬಿಡಲಾಗುತ್ತದೆ. ಮೀನು ಮತ್ತು ವನ್ಯಜೀವಿಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇಲ್ಲ" ಎಂದು ಅದರಲ್ಲಿದೆ. ನಾನು ಎಂಜಿನಿಯರ್ ಅಲ್ಲ, ಜೀವಶಾಸ್ತ್ರ ಓದಿದವನೂ ಅಲ್ಲ. ಈ ಮಾತನ್ನು ನಂಬಬಹುದಾ? ಇಂಥ ಅಂದಾಜನ್ನು ಹೇಗೆ ಮಾಡುತ್ತಾರೆ? ಸಭೆಯಲ್ಲಿ ಏನು ಕೇಳಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ "ಶೇಕಡಾ 2"ರ ಮೇಲೆ. ಲೆಕ್ಕ ತಪ್ಪಿರಲಿಕ್ಕಿಲ್ಲ. ನಕ್ಷೆ ಹಾಕಿ ಅಳೆದೇ ಬರೆದಿರುತ್ತಾರೆ. ಆದರೆ ನಿಮಗೆ ಬೇಕಿದ್ದುದು ಮೀನಿನ ಸುದ್ದಿ, ಪ್ರಾಣಿಗಳ ಸುದ್ದಿ. ಅವರು ಕೊಟ್ಟಿದ್ದು ಜಾಗದ ಅಳತೆ. ಬೆಟ್ಟದ ಕಣಿವೆಯಲ್ಲಿ ಯಾವ ಪ್ರಾಣಿಯೂ ಇಡೀ ಜಾಗವನ್ನು ಇಡೀ ವರ್ಷ ಒಂದೇ ಸಮನೆ ಬಳಸುವುದಿಲ್ಲ. ಮೊಟ್ಟೆ ಇಡಲು ಒಂದು ತಾಣ ಬೇಕು, ಅದೂ ಕೆಲವೇ ವಾರಗಳಿಗೆ. ಬೇಸಿಗೆ ಕಳೆಯಲು ಒಂದು ಆಳದ ಮಡು ಬೇಕು. ಚಳಿಗಾಲ ದಾಟಲು ಬಿಸಿಲು ಬೀಳುವ ಒಂದು ಇಳಿಜಾರು ಬೇಕು. ಆ ಒಂದು ಜಾಗ, ಆ ಒಂದು ಹೊತ್ತು ಕೈತಪ್ಪಿದರೆ ಉಳಿದ ಶೇಕಡಾ 98 ಇದ್ದೂ ಉಪಯೋಗವಿಲ್ಲ. ಹಾಗಾಗಿ ವರದಿಯಲ್ಲಿ "ಎಷ್ಟು ಜಾಗ" ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. "ಯಾವ ಜಾಗ, ಯಾವ ತಿಂಗಳು" ಎಂದು ಹುಡುಕಿ.

ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಕಪ್ಪೆಯ ಕತೆ ಹೇಳುತ್ತೇನೆ. ಟಾಂಜಾನಿಯಾದ ಉಡ್ಜುಂಗ್ವಾ ಬೆಟ್ಟಸಾಲಿನಲ್ಲಿ ಕಿಹಾನ್ಸಿ ಎಂಬ ನದಿ ಕಡಿದಾದ ಕಮರಿಗೆ ಧುಮುಕುತ್ತದೆ. ಆ ಜಲಪಾತದ ತುಂತುರು ವರ್ಷಪೂರ್ತಿ ಬೀಳುತ್ತಿದ್ದ ಜಾಗದಲ್ಲಿ ಹುಲ್ಲು, ಪಾಚಿಯ ಚಿಕ್ಕ ಜೌಗು ಇತ್ತು. ವಿಸ್ತಾರ ಬರೀ ಎರಡು ಹೆಕ್ಟೇರ್ ಆಸುಪಾಸು. ಅಣೆಕಟ್ಟಿನ ಕೆಲಸ ಆಗಲೇ ಶುರುವಾಗಿತ್ತು. 1996ರಲ್ಲಿ ಅಲ್ಲೊಂದು ಹೊಂಬಣ್ಣದ ಪುಟ್ಟ ನೆಲಗಪ್ಪೆ ಕಣ್ಣಿಗೆ ಬಿತ್ತು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಅಷ್ಟೇ. ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಲೋಕದಲ್ಲಿ ಇನ್ನೆಲ್ಲೂ ಅದು ಇರಲಿಲ್ಲ.

2000ದ ಹೊತ್ತಿಗೆ ವಿದ್ಯುತ್ ಕೇಂದ್ರ ನಡೆಯತೊಡಗಿತು. ಜಲಪಾತಕ್ಕೆ ಹೋಗುತ್ತಿದ್ದ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ತುಂತುರು ನಿಂತಿತು. ಸುಮಾರು 500 ಕಪ್ಪೆಗಳನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ಒಯ್ದರು. ಕಮರಿಯಲ್ಲಿ ಪೈಪು ಹಾಕಿ ಕೃತಕವಾಗಿ ತುಂತುರು ಹಾರಿಸಿದರು. ಅದರಿಂದ ಸ್ವಲ್ಪ ಕಾಲ ಚೇತರಿಕೆ ಕಂಡಿತು. ಆಮೇಲೆ ಶಿಲೀಂಧ್ರ ರೋಗವೂ ಸೇರಿಕೊಂಡು ಕಪ್ಪೆಗಳು ಕಾಣದಾದವು. 2009ರಲ್ಲಿ ಕಾಡಿನಲ್ಲಿ ಅದು ಅಳಿದುಹೋಗಿದೆ ಎಂದು ಘೋಷಿಸಲಾಯಿತು. ಮೃಗಾಲಯಗಳಲ್ಲಿ ಹುಟ್ಟಿ ಬೆಳೆದವನ್ನು 2012ರಿಂದ ಮತ್ತೆ ಅಲ್ಲಿಗೆ ಬಿಡತೊಡಗಿದರು.

ಗಮನಿಸಿ, ಆ ಜೌಗು ಮುಳುಗಲೇ ಇಲ್ಲ. ಮುಳುಗಡೆಯ ಲೆಕ್ಕದಲ್ಲಿ ಅಲ್ಲಿಯ ನಷ್ಟ ಸೊನ್ನೆ! ನೀರು ನಿಂತ ಕಡೆ ಅಲ್ಲ, ನೀರು ಬಾರದ ಕಡೆ ಪ್ರಾಣಿ ಹೋಯಿತು.

ನಿಮ್ಮ ವರದಿಯಲ್ಲಿ ಮೊದಲು ಆ ಶೇಕಡಾವಾರಿನ ಕೆಳಗಿನ ಸಂಖ್ಯೆ ಯಾವುದು ನೋಡಿ. ಯಾವುದರಲ್ಲಿ ಶೇಕಡಾ 2? ಇಡೀ ಜಲಾನಯನ ಪ್ರದೇಶವನ್ನು ತೆಗೆದುಕೊಂಡಿದ್ದರೆ ಅದರಲ್ಲಿ ಬೋಳು ಬಂಡೆ, ಕಡಿದಾದ ಇಳುಕಲು, ಎತ್ತರದ ಶಿಖರ ಎಲ್ಲ ಸೇರಿರುತ್ತದೆ. ಕಣಿವೆಯ ತಳದ ಸಮತಟ್ಟು ನೆಲ ಯಾವತ್ತೂ ಕಮ್ಮಿಯೇ ಇರುತ್ತದೆ. ಆದರೆ ಮಣ್ಣು ಮೆತ್ತಗಿರುವುದು ಅಲ್ಲಿ, ಹುಲ್ಲು ಮೊದಲು ಚಿಗುರುವುದು ಅಲ್ಲಿ, ಬೇಸಿಗೆಯಲ್ಲೂ ತೇವ ಉಳಿಯುವುದು ಅಲ್ಲಿ. ಹಿಮ ಬೀಳುವ ಬೆಟ್ಟಗಳಲ್ಲಿ ಜಿಂಕೆ ಜಾತಿಯ ಪ್ರಾಣಿಗಳು ಚಳಿಗಾಲಕ್ಕೆ ಇಳಿದು ಬರುವುದೂ ಅಲ್ಲಿಗೇ. ಅದೇ ನೆಲವೇ ಅಣೆಕಟ್ಟಿನ ಹಿನ್ನೀರಿಗೂ ಬೇಕು. ಮುಳುಗುವ 100 ಹೆಕ್ಟೇರನ್ನು ಇಡೀ ಕಣಿವೆಗೆ ಹೋಲಿಸಿದರೆ ಶೇಕಡಾ 2 ಬರಬಹುದು. ತಳದ ಸಮತಟ್ಟು ನೆಲಕ್ಕೇ ಹೋಲಿಸಿದರೆ ಅದು ಅರ್ಧಕ್ಕಿಂತ ಜಾಸ್ತಿ ಆಗಲೂಬಹುದು. ಎರಡೂ ಲೆಕ್ಕ ಸರಿ. ಪ್ರಾಣಿಗೆ ಬೇಕಾದ ಲೆಕ್ಕ ಎರಡನೆಯದು.

ಮುಂದಿನದು ಯೋಜನೆಯ ವ್ಯಾಪ್ತಿ. ಹೆಚ್ಚಿನವರ ಮನಸ್ಸಿನಲ್ಲಿ ಯೋಜನೆ ಅಂದರೆ ಅಣೆಕಟ್ಟು ಮತ್ತು ಹಿನ್ನೀರು. ನೀವು ಬರೆದಿರುವ ಯೋಜನೆಯಲ್ಲಿ ಸುರಂಗ ಇದೆ. ಹಾಗಾದರೆ ಅಣೆಕಟ್ಟಿನ ಬುಡದಿಂದ ವಿದ್ಯುತ್ ಕೇಂದ್ರದ ನೀರು ಮತ್ತೆ ನದಿಗೆ ಸೇರುವ ತನಕ ಒಂದು ಉದ್ದದ ಹರಿವು ಬಹುಪಾಲು ಒಣಗುತ್ತದೆ. ನಿಮ್ಮಲ್ಲಿ ಅಲ್ಲಿಂದ ಕಾಲುವೆಗೂ ನೀರು ಹೋಗುವುದರಿಂದ, ನದಿಗೆ ವಾಪಸ್ಸು ಬರುವುದು ಎಷ್ಟು ಎನ್ನುವುದನ್ನೂ ಕೇಳಬೇಕು. ಇದರ ಜೊತೆಗೆ ಸುರಂಗದಿಂದ ತೆಗೆದ ಕಲ್ಲುಮಣ್ಣು ಎಲ್ಲಿ ಸುರಿಯುತ್ತಾರೆ, ಕಲ್ಲು ಕ್ವಾರಿ ಎಲ್ಲಿ, ಹೊಸ ರಸ್ತೆ ಎಲ್ಲಿ ಹಾಯುತ್ತದೆ, ವಿದ್ಯುತ್ ತಂತಿಗಳ ಸಾಲು ಯಾವ ಕಾಡನ್ನು ಸೀಳುತ್ತದೆ, ಕೆಲಸಗಾರರ ಶೆಡ್ಡುಗಳು ಎಲ್ಲಿ, ಇವೆಲ್ಲ ಒಂದೇ ನಕ್ಷೆಯಲ್ಲಿ ಇರಬೇಕು. ಕಾಲುವೆ ಬೇರೆ ನದಿಯ ಕಡೆಗೆ ಹೋಗುವುದಾದರೆ ಆ ನದಿಯನ್ನೂ ಸೇರಿಸಬೇಕು. ನೀರಿನ ಜೊತೆ ಮೀನು, ಮೀನಿನ ಮೊಟ್ಟೆ, ರೋಗ ಎಲ್ಲವೂ ಪ್ರಯಾಣ ಮಾಡುತ್ತವೆ.

ಈಗ ಸಮೀಕ್ಷೆಯ ವಿಷಯ. ವರದಿಯ ನಂಬಿಕೆ ನಿಂತಿರುವುದು ಇದರ ಮೇಲೆ. ಅನುಬಂಧದಲ್ಲಿ ಎಲ್ಲೋ ಒಂದು ಪುಟದಲ್ಲಿ ಸಮೀಕ್ಷೆಯ ತಾರೀಖುಗಳು ಇರುತ್ತವೆ. ನಾನು ಯಾವ ವರದಿ ತೆರೆದರೂ ಮೊದಲು ಆ ಪುಟಕ್ಕೇ ಹೋಗುತ್ತೇನೆ. ಎಷ್ಟು ದಿನ, ಯಾವ ತಿಂಗಳು, ರಾತ್ರಿಯೂ ಹೋಗಿದ್ದರಾ? ಬೇಸಿಗೆಯಲ್ಲಿ ಐದು ದಿನ ಓಡಾಡಿ, ಕಂಡ ಪ್ರಾಣಿಗಳ ಪಟ್ಟಿ ಮಾಡಿದರೆ ಅದು ಆ ಐದು ದಿನಗಳ ಪಟ್ಟಿ. ವಲಸೆ ಹೋಗುವ ಮೀನು ಆಗ ಅಲ್ಲಿ ಇರುವುದೇ ಇಲ್ಲ. ಮಳೆಯಲ್ಲಿ ಮಾತ್ರ ಕೂಗುವ ಕಪ್ಪೆ ಕಿವಿಗೆ ಬೀಳುವುದಿಲ್ಲ. ಬಾವಲಿ, ನೀರುನಾಯಿ ಹಗಲು ಹೊತ್ತು ಸಿಗುವುದು ಅಪರೂಪ. ಕನಿಷ್ಠ ಒಂದು ಪೂರ್ತಿ ವರ್ಷ, ಎಲ್ಲ ಋತುಗಳಲ್ಲೂ ನೋಡಿರಬೇಕು. ಒಂದು ವರ್ಷ ಬರ, ಮುಂದಿನ ವರ್ಷ ಪ್ರವಾಹ ಬರುವ ನದಿಗಳಲ್ಲಿ ಒಂದು ವರ್ಷವೂ ಸಾಲದು.

ಸರಿಯಾದ ಸಮೀಕ್ಷೆ ಹೇಗಿರುತ್ತದೆ? ತೊರೆಯಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ಮೀನುಗಳನ್ನು ಕ್ಷಣಕಾಲ ಮಂಕಾಗಿಸುತ್ತಾರೆ. ಬಲೆಯಲ್ಲಿ ಎತ್ತಿ, ಅಳೆದು, ತೂಗಿ ವಾಪಸ್ಸು ಬಿಡುತ್ತಾರೆ. ನದಿಯ ಒಂದೇ ತುಂಡಿನಲ್ಲಿ ಇದನ್ನು ಎರಡು ಮೂರು ಸಲ ಮಾಡಿದರೆ, ಪ್ರತಿ ಸಲ ಸಿಗುವ ಸಂಖ್ಯೆ ಹೇಗೆ ಇಳಿಯುತ್ತದೆ ಎನ್ನುವುದರಿಂದ ಒಟ್ಟು ಎಷ್ಟಿರಬಹುದು ಎಂದು ಅಂದಾಜು ಮಾಡಬಹುದು. ಆಳದ ಮಡುಗಳಲ್ಲಿ ಈ ವಿಧಾನ ನಡೆಯುವುದಿಲ್ಲ. ಅಲ್ಲಿ ಬೇರೆ ಬೇರೆ ಕಣ್ಣಿನ ಬಲೆ ಬೇಕು, ಇಲ್ಲವೇ ಮುಳುಗಿ ಎಣಿಸಬೇಕು. ಈಚಿನ ವರ್ಷಗಳಲ್ಲಿ ನದಿಯ ನೀರನ್ನೇ ಸೋಸಿ, ಅದರಲ್ಲಿ ಉಳಿದಿರುವ ಡಿಎನ್‌ಎ ಚೂರುಗಳಿಂದ ಯಾವ ಜೀವಿಗಳಿವೆ ಎಂದು ಗುರುತಿಸುತ್ತಾರೆ. ಅಪರೂಪದ ಮೀನನ್ನು ಪತ್ತೆ ಮಾಡಲು ಇದು ಬಹಳ ಒಳ್ಳೆಯದು. ಆದರೆ ಎಷ್ಟಿವೆ, ಮರಿಗಳಾ ದೊಡ್ಡವಾ ಎಂದು ಅದು ಸರಿಯಾಗಿ ಹೇಳುವುದಿಲ್ಲ. ಕಾಡಿನಲ್ಲಿ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್, ಬಾವಲಿ ಮತ್ತು ಕಪ್ಪೆಗಳಿಗೆ ಧ್ವನಿ ದಾಖಲಿಸುವ ಯಂತ್ರ ಇಡುತ್ತಾರೆ.

ಇವೆಲ್ಲದರ ಜೊತೆಗೆ ನಾನು ತುಂಬ ಬೆಲೆ ಕೊಡುವುದು ಆ ನದಿಯಲ್ಲೇ ಮೀನು ಹಿಡಿದು ಬದುಕುವವರ ಮಾತಿಗೆ. ಯಾವ ಮೀನು ಯಾವ ಮಳೆಗೆ ಏರುತ್ತದೆ, ಯಾವ ಹಳ್ಳಕ್ಕೆ ತಿರುಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಅವರನ್ನು ಕೇಳದೆ ಬರೆದ ವರದಿ ಅರ್ಧ ಕುರುಡು. "ಸಿಗಲಿಲ್ಲ" ಮತ್ತು "ಇಲ್ಲ" ಎರಡೂ ಬೇರೆ ಬೇರೆ ಮಾತು ಅಲ್ವಾ? ವರದಿಗಳಲ್ಲಿ ಮೊದಲನೆಯದು ಸದ್ದಿಲ್ಲದೆ ಎರಡನೆಯದಾಗಿಬಿಡುತ್ತದೆ. ಅದನ್ನು ಹಿಡಿಯಬೇಕು.

ಇನ್ನು ಆ "ಶೇಕಡಾ 10ರಷ್ಟು ನೀರು". ಈ ಅಂಕಿಗೆ ಒಂದು ಹಿನ್ನೆಲೆ ಇದೆ. ಅಮೆರಿಕದ ಡೊನಾಲ್ಡ್ ಟೆನೆಂಟ್ ಎಂಬ ಜೀವಶಾಸ್ತ್ರಜ್ಞರು ಮೊಂಟಾನಾ, ವಯೋಮಿಂಗ್, ನೆಬ್ರಾಸ್ಕಾದ ತೊರೆಗಳನ್ನು ಅಳೆದು 1976ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಮೊಂಟಾನಾ ವಿಧಾನ ಎಂದೇ ಅದಕ್ಕೆ ಹೆಸರು. ವರ್ಷದ ಸರಾಸರಿ ಹರಿವಿನ ಶೇಕಡಾ 10 ಇದ್ದರೆ ಹೆಚ್ಚಿನ ಜಲಚರಗಳು ಸ್ವಲ್ಪ ಕಾಲ ಜೀವ ಹಿಡಿದುಕೊಂಡಿರಬಹುದು. ಶೇಕಡಾ 30 ಇದ್ದರೆ ಬದುಕಲು ಒಳ್ಳೆಯ ಸ್ಥಿತಿ. ಶೇಕಡಾ 60 ಇದ್ದರೆ ತುಂಬ ಒಳ್ಳೆಯದು. ಇದು ಅವರ ಮಾತಿನ ತಿರುಳು. ಅಂದರೆ ಶೇಕಡಾ 10 ಎನ್ನುವುದು ಉಸಿರು ಹಿಡಿದಿಡುವ ಮಟ್ಟ, ಅದೂ ಅಲ್ಪಕಾಲಕ್ಕೆ. ಅದನ್ನೇ ವರ್ಷಪೂರ್ತಿ, ಎಂದೆಂದಿಗೂ ಬಿಡುವ ನೀರು ಎಂದು ಬರೆದರೆ ರೋಗಿಗೆ ಜೀವಮಾನವಿಡೀ ಡ್ರಿಪ್‌ನಲ್ಲೇ ಇರು ಎಂದಂತೆ. ಅದೂ ಅಲ್ಲದೆ, ಆ ಅಂಕಿಗಳು ಹುಟ್ಟಿದ್ದು ಆ ತೊರೆಗಳಲ್ಲಿ. ಬೇರೆ ಹವೆಯ, ಬೇರೆ ಮೀನುಗಳ ನದಿಗೆ ಹಾಗೇ ಎತ್ತಿ ಹಾಕಲು ಬರುವುದಿಲ್ಲ.

"ಸರಾಸರಿ" ಎನ್ನುವ ಮಾತು ಇನ್ನೊಂದು ತೊಂದರೆ ತರುತ್ತದೆ. ಬೆಟ್ಟದ ನದಿ ಸರಾಸರಿಯಲ್ಲಿ ಹರಿಯುವುದೇ ಇಲ್ಲ. ನಾಲ್ಕು ತಿಂಗಳು ಉಕ್ಕುತ್ತದೆ, ನಾಲ್ಕು ತಿಂಗಳು ಸೊರಗುತ್ತದೆ. ಮೀನಿನ ಬದುಕು ಈ ಏರಿಳಿತಕ್ಕೇ ಹೊಂದಿಕೊಂಡಿದೆ. ಮೊದಲ ಹೊಸನೀರು ಬಂದಾಗ ಏರಬೇಕು ಎನ್ನುವುದು ಮೀನಿಗೆ ಸಿಗುವ ಕರೆ. ದೊಡ್ಡ ಪ್ರವಾಹ ತಳದ ಕಲ್ಲುಗಳ ನಡುವಿನ ಕೆಸರನ್ನು ತೊಳೆದು ಮೊಟ್ಟೆಗೆ ಜಾಗ ಮಾಡುತ್ತದೆ. ಆಮೇಲೆ ನೀರು ನಿಧಾನವಾಗಿ ಇಳಿಯುವಾಗ ಮರಿಗಳು ದಡದ ಸೌಮ್ಯ ನೀರಿನಲ್ಲಿ ಬೆಳೆಯುತ್ತವೆ. ಎಷ್ಟು ನೀರು ಎನ್ನುವುದರಷ್ಟೇ ಮುಖ್ಯ ಯಾವಾಗ, ಎಷ್ಟು ಸಲ, ಎಷ್ಟು ದಿನ, ಎಷ್ಟು ಬೇಗ ಏರಿಳಿಯುತ್ತದೆ ಎನ್ನುವುದು. ಯೋಜನೆ ಮೊದಲ ಪ್ರವಾಹವನ್ನು ಪೂರ್ತಿ ತುಂಬಿಸಿಕೊಂಡು, ಮಿಕ್ಕ ತಿಂಗಳುಗಳಲ್ಲಿ ಸುಮ್ನೆ ಒಂದೇ ಸಮನೆ ತೆಳ್ಳಗೆ ನೀರು ಬಿಟ್ಟರೆ, ವರ್ಷದ ಲೆಕ್ಕ ಸರಿಹೋಗಬಹುದು. ಮೀನಿಗೆ ಮಾತ್ರ ಆ ಕರೆ ಬರುವುದೇ ಇಲ್ಲ.

ಇದನ್ನು ಅಳೆಯುವ ದಾರಿ ಇದೆ. ನದಿಗೆ ಅಡ್ಡಲಾಗಿ ಹಲವು ಕಡೆ ಹಗ್ಗ ಕಟ್ಟಿ, ಒಂದೊಂದು ಹೆಜ್ಜೆಗೂ ಆಳ, ವೇಗ, ತಳದಲ್ಲಿ ಮರಳೋ ಜಲ್ಲಿಯೋ ಬಂಡೆಯೋ ಎಂದು ಬರೆದುಕೊಳ್ಳುತ್ತಾರೆ. ಒಂದು ಮೀನಿನ ಮರಿಗೆ ಮೊಣಕಾಲುದ್ದದ ನಿಧಾನ ನೀರು ಇಷ್ಟ. ಅದೇ ಮೀನು ದೊಡ್ಡದಾದಾಗ ಸೊಂಟದುದ್ದದ ರಭಸದ ನೀರು ಬೇಕು. ಮೊಟ್ಟೆ ಇಡಲು ಇನ್ನೊಂದು ಬಗೆ. ಇಷ್ಟು ಕ್ಯೂಸೆಕ್ ಬಿಟ್ಟರೆ ಅಂಥ ನೀರು ಎಷ್ಟು ಚದರ ಮೀಟರ್ ಉಳಿಯುತ್ತದೆ ಎಂದು ಲೆಕ್ಕ ಹಾಕಬಹುದು. ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯವರು 1970ರ ದಶಕದಲ್ಲೇ ಈ ಪದ್ಧತಿಯನ್ನು ಬೆಳೆಸಿದರು. ಇದರಲ್ಲೂ ಕೊರತೆಗಳಿವೆ. ಜಾಗ ಇದೆ ಎಂದ ಮಾತ್ರಕ್ಕೆ ಮೀನು ಬಂದು ಇರುತ್ತದೆ ಎಂದಲ್ಲ. ಆದರೂ ಒಂದು ಶೇಕಡಾವಾರು ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ನಿಮ್ಮ ವರದಿಯಲ್ಲಿ ತಿಂಗಳುವಾರು ಹರಿವಿನ ಕೋಷ್ಟಕವೂ ಇಲ್ಲ, ಇಂಥ ಅಳತೆಯೂ ಇಲ್ಲ ಎಂದಾದರೆ, ಮೀನಿನ ಬಗ್ಗೆ ಅವರು ಹೇಳಿದ್ದಕ್ಕೆ ಆಧಾರ ಏನು ಎಂದು ನೇರವಾಗಿ ಕೇಳಿ.

ನೀರಿನ ಪ್ರಮಾಣದ ಗಲಾಟೆಯಲ್ಲಿ ಮರೆತೇ ಹೋಗುವ ಸಂಗತಿ ನೀರಿನ ಬಿಸಿ. ಆಳದ ಜಲಾಶಯದಲ್ಲಿ ಬೇಸಿಗೆಯಲ್ಲಿ ಬೆಚ್ಚನೆಯ ನೀರು ಮೇಲೆ, ತಣ್ಣನೆಯದು ಕೆಳಗೆ ನಿಲ್ಲುತ್ತದೆ. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಆಮ್ಲಜನಕವೂ ಕಮ್ಮಿಯಾಗುತ್ತದೆ. ಗೇಟು ತಳದಲ್ಲಿದ್ದರೆ ನದಿಗೆ ಬರುವುದು ಆ ತಣ್ಣನೆಯ ನೀರು. ಅಮೆರಿಕದ ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ 1963ರಿಂದ ನೀರು ತುಂಬತೊಡಗಿತು. ಮೊದಲು ಬೇಸಿಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದ ನದಿಗೆ, ಜಲಾಶಯ ತುಂಬಿದ ಮೇಲೆ ವರ್ಷಪೂರ್ತಿ 10 ಡಿಗ್ರಿಯ ಆಸುಪಾಸಿನ ನೀರು ಬಂತು. ಅಲ್ಲಿಯ ಹಂಪ್‌ಬ್ಯಾಕ್ ಚಬ್ ಎಂಬ ಮೀನಿಗೆ ಮರಿ ಮಾಡಲು ಬೆಚ್ಚನೆಯ ನೀರು ಬೇಕು. ದೊಡ್ಡ ನದಿಯಲ್ಲಿ ಅದು ಸೋತಿತು. ಉಳಿದುಕೊಂಡಿದ್ದು ಮುಖ್ಯವಾಗಿ ಲಿಟಲ್ ಕೊಲರಾಡೋ ಎಂಬ ಒಂದು ಉಪನದಿಯಿಂದಾಗಿ. ಅಲ್ಲಿ ಅಣೆಕಟ್ಟಿನ ತಣ್ಣೀರು ಹೋಗುವುದಿಲ್ಲ. ಅಣೆಕಟ್ಟಿನ ಕೆಳಗೆ ಆ ಮೀನನ್ನು ಒಂದು ಉಪನದಿ ಕಾಯಿತು. ಹಾಗಾಗಿ ನಿಮ್ಮ ಕಣಿವೆಯಲ್ಲಿ ಅಣೆಕಟ್ಟಿನ ಕೆಳಗೆ ಬಂದು ಸೇರುವ ಹಳ್ಳಗಳು ಯಾವುವು, ಅವನ್ನೂ ಯೋಜನೆ ಮುಟ್ಟುತ್ತದಾ ಎಂದು ನೋಡಲೇಬೇಕು. ಎಷ್ಟೋ ಯೋಜನೆಗಳಲ್ಲಿ ಆ ಹಳ್ಳಗಳ ನೀರನ್ನೂ ಸುರಂಗಕ್ಕೆ ತಿರುಗಿಸಿಕೊಳ್ಳುತ್ತಾರೆ.

ಕೊಲರಾಡೋದ ಕತೆ ಅಲ್ಲಿಗೇ ಮುಗಿಯಲಿಲ್ಲ. ಬರಗಾಲದಿಂದ ಜಲಾಶಯದ ಮಟ್ಟ ಕುಸಿದಾಗ ಮೇಲಿನ ಬೆಚ್ಚನೆಯ ನೀರು ಟರ್ಬೈನಿನ ಬಾಯಿಗೆ ಹತ್ತಿರವಾಯಿತು. ಅದರ ಜೊತೆ ಜಲಾಶಯದಲ್ಲಿದ್ದ ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ಬೇಟೆಮೀನೂ ಕೆಳಕ್ಕೆ ಬಂತು. 2022ರಲ್ಲಿ ಅಣೆಕಟ್ಟಿನ ಕೆಳಗೆ ಅದು ಮರಿ ಮಾಡಿರುವುದು ಗೊತ್ತಾಯಿತು. ಅರವತ್ತು ವರ್ಷಗಳ ನಂತರ ಬಂದ ಹೊಸ ಪರಿಣಾಮ ಇದು. ವರದಿಯ ಅಂದಾಜು ಐದು ವರ್ಷಕ್ಕೆ ನಿಂತರೆ ಇಂಥದ್ದು ಸಿಗುವುದಿಲ್ಲ.

ಹೂಳಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಣೆಕಟ್ಟು ಮರಳು, ಜಲ್ಲಿಯನ್ನು ತಡೆಯುತ್ತದೆ. ಕೆಳಗೆ ಬರುವ ತಿಳಿನೀರು ಇದ್ದ ಜಲ್ಲಿಯನ್ನೂ ಕೊರೆದು ಒಯ್ಯುತ್ತದೆ. ಕೊನೆಗೆ ದೊಡ್ಡ ಗುಂಡುಗಳಷ್ಟೇ ಉಳಿಯುತ್ತವೆ. ಜಲ್ಲಿಯಲ್ಲಿ ಮೊಟ್ಟೆ ಇಡುವ ಮೀನಿಗೆ ಅಲ್ಲಿ ಜಾಗ ಇರುವುದಿಲ್ಲ.

ವಿದ್ಯುತ್ ಬೇಡಿಕೆಗೆ ತಕ್ಕಂತೆ ಸಂಜೆ ಗೇಟು ತೆಗೆದು ರಾತ್ರಿ ಮುಚ್ಚುವ ಪದ್ಧತಿ ಇದ್ದರೆ ಅದು ಇನ್ನೂ ಕೆಟ್ಟದ್ದು. ನೀರು ಏರಿದಾಗ ಮರಿಗಳು ದಡಕ್ಕೆ ಸರಿಯುತ್ತವೆ. ಒಮ್ಮೆಲೇ ಇಳಿದಾಗ ಕಲ್ಲುಗಳ ನಡುವೆ ಸಿಕ್ಕಿ ಸಾಯುತ್ತವೆ. ಬೆಳಿಗ್ಗೆ ಹೋದರೆ ಕಾಗೆಗಳು ತಿಂದು ಮುಗಿಸಿರುತ್ತವೆ. ಯಾವ ಲೆಕ್ಕಕ್ಕೂ ಆ ಮರಿಗಳು ಸೇರುವುದಿಲ್ಲ. ಗಂಟೆಗೆ ಎಷ್ಟು ಸೆಂಟಿಮೀಟರ್‌ಗಿಂತ ವೇಗವಾಗಿ ನೀರು ಇಳಿಸಬಾರದು ಎನ್ನುವ ಮಿತಿ ವರದಿಯಲ್ಲಿದೆಯಾ, ಹುಡುಕಿ.

ಮೀನು ಅಣೆಕಟ್ಟನ್ನು ಹತ್ತಿ ದಾಟಲು ಮೀನು ಏಣಿ ಕಟ್ಟುತ್ತೇವೆ ಎಂದು ಬರೆದಿದ್ದರೆ ಯಾವ ಮೀನಿಗೆ ಎಂದು ಕೇಳಿ. ಸಮುದ್ರದಿಂದ ನದಿಗೆ ಏರುವ, ಜಿಗಿಯಬಲ್ಲ ಸಾಲ್ಮನ್‌ಗೆ ಮಾಡಿದ ಏಣಿ ತಳಕ್ಕೆ ಅಂಟಿಕೊಂಡು ಹೋಗುವ ಸಣ್ಣ ಮೀನಿಗೆ ಗೋಡೆಯೇ. ಹಾವುಮೀನಿನ ಮರಿಗೆ ತೇವದ ಒರಟು ಇಳಿಜಾರು ಬೇಕು. ಹತ್ತಿದ ಮೇಲೆ ಇಳಿಯುವುದೂ ಇದೆಯಲ್ಲ. ಮರಿಗಳು ಕೆಳಗೆ ಬರುವಾಗ ಟರ್ಬೈನಿಗೆ ಸಿಗದ ಹಾಗೆ ಜಾಲರಿ, ಪಕ್ಕದ ದಾರಿ ಬೇಕು. ಹತ್ತಿ ಹೋದ ಮೀನು ಮೇಲೆ ನಿಂತ ನೀರಿನ ಉದ್ದದ ಕೆರೆಯನ್ನು ಕಂಡು ದಿಕ್ಕು ತಪ್ಪುವುದೂ ಉಂಟು. ಚೀನಾದ ಯಾಂಗ್ತ್ಸೆ ನದಿಯಲ್ಲಿ 1981ರಲ್ಲಿ ಗೆಝೌಬಾ ಅಣೆಕಟ್ಟು ನದಿಯನ್ನು ಮುಚ್ಚಿತು. ಮೊಟ್ಟೆ ಇಡಲು ಮೇಲಕ್ಕೆ ಹೋಗುತ್ತಿದ್ದ ಪ್ಯಾಡಲ್‌ಫಿಶ್ ಎಂಬ ಬೃಹತ್ ಮೀನಿಗೆ ಅಲ್ಲಿ ದಾರಿಯೇ ಇರಲಿಲ್ಲ. ವಿಪರೀತ ಮೀನುಗಾರಿಕೆಯೂ ಜೊತೆಗೂಡಿತು. ಜೀವಂತವಾಗಿ ಅದು ಕೊನೆಯ ಸಲ ಕಂಡಿದ್ದು 2003ರಲ್ಲಿ. ಈಗ ಅಳಿದ ಜೀವಿಗಳ ಪಟ್ಟಿಯಲ್ಲಿದೆ. ದೊಡ್ಡ ಮೀನುಗಳು ಬಹಳ ವರ್ಷ ಬದುಕುತ್ತವೆ. ದಾರಿ ಮುಚ್ಚಿದ ಮೇಲೂ ದಶಕಗಟ್ಟಲೆ ಮೀನು ಕಾಣುತ್ತಿರುತ್ತದೆ. ಆದರೆ ಮರಿಗಳಿರುವುದಿಲ್ಲ. ಆದ್ದರಿಂದ ಸಮೀಕ್ಷೆಯಲ್ಲಿ ಮೀನಿನ ಉದ್ದದ ಪಟ್ಟಿ ಇರಲೇಬೇಕು. ಮರಿ, ಹರೆಯದ್ದು, ದೊಡ್ಡದು ಮೂರೂ ಇವೆಯಾ ಎಂದು ಅದರಿಂದಲೇ ತಿಳಿಯುವುದು.

ಮೀನು ಒಂದು ಅಧ್ಯಾಯ, ವನ್ಯಜೀವಿ ಇನ್ನೊಂದು ಅಧ್ಯಾಯ ಎಂದು ವರದಿಗಳು ಬೇರೆ ಮಾಡುತ್ತವೆ. ಕಣಿವೆಯಲ್ಲಿ ಹಾಗೆ ಬೇರೆ ಇಲ್ಲ. ಮೀನು ಹೋದರೆ ನೀರುನಾಯಿ ಹೋಗುತ್ತದೆ. ನೀರಿನ ಹುಳುಗಳು ರೆಕ್ಕೆ ಬಂದು ಮೇಲೇಳುವುದು ನಿಂತರೆ ದಡದ ಹಕ್ಕಿಗೂ ಬಾವಲಿಗೂ ಊಟ ಇಲ್ಲ. ಅಮೆರಿಕದ ಎಲ್ವಾ ನದಿಯಲ್ಲಿ 1913 ಮತ್ತು 1927ರಲ್ಲಿ ಮುಗಿದ ಎರಡು ಅಣೆಕಟ್ಟುಗಳಿದ್ದವು. ಮೀನು ಹತ್ತುವ ದಾರಿ ಇರಲಿಲ್ಲ. ಸುಮಾರು ನೂರು ವರ್ಷ ಸಾಲ್ಮನ್‌ಗೆ ಸಿಕ್ಕಿದ್ದು ಸಮುದ್ರದ ಕಡೆಯ ಸುಮಾರು 8 ಕಿಲೋಮೀಟರ್ ಮಾತ್ರ. ಸಾಲ್ಮನ್ ಅಲ್ಲಿ ಬರೀ ಮೀನಲ್ಲ. ಸಮುದ್ರದ ಸಾರವನ್ನು ಮೈಯಲ್ಲಿ ಹೊತ್ತು ಬೆಟ್ಟಕ್ಕೆ ತರುವ ಗೊಬ್ಬರದ ಗಾಡಿ. ಮೊಟ್ಟೆ ಇಟ್ಟು ಸತ್ತ ಮೀನನ್ನು ಕರಡಿ ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ, ಮರದ ಬೇರಿಗೂ ಅದು ಸೇರುತ್ತದೆ. ನದಿಯ ಮೂಲನಿವಾಸಿಗಳಾದ ಕ್ಲಾಲಮ್ ಜನ ಬಹಳ ವರ್ಷ ಹೋರಾಡಿದರು. 2011ರಿಂದ 2014ರ ನಡುವೆ ಎರಡೂ ಅಣೆಕಟ್ಟುಗಳನ್ನು ಒಡೆದರು. ಅವುಗಳ ಹಿಂದೆ ಸಿಕ್ಕಿಕೊಂಡಿದ್ದ ಹೂಳು ಸುಮಾರು 2 ಕೋಟಿ ಘನ ಮೀಟರ್. ಸಾಲ್ಮನ್ ಮೇಲಕ್ಕೆ ಹೋಗತೊಡಗಿತು. ಇದನ್ನು ನೆನೆದಾಗಲೆಲ್ಲ ನನಗೆ ಸಮಾಧಾನವಾಗುತ್ತದೆ. ಹಾಗೆಂದು ಒಡೆದರಾಯಿತು ಎಂದು ಕಟ್ಟಲು ಹೊರಡುವುದು ಸರಿಯಲ್ಲ.

ನೆಲದ ಪ್ರಾಣಿಗಳಿಗೆ ಕಾಲುವೆಯೇ ದೊಡ್ಡ ಅಪಾಯ. ಕಾಂಕ್ರೀಟಿನ ಇಳಿಜಾರು ಗೋಡೆ ಪಾಚಿ ಕಟ್ಟಿ ಜಾರುತ್ತದೆ. ನೀರು ಕುಡಿಯಲು ಬಂದ ಅಥವಾ ಈಜಿ ದಾಟಲು ಹೊರಟ ಜಿಂಕೆ ಬಿದ್ದರೆ ಮೇಲೆ ಬರಲಾರದು. ಅಲ್ಲಲ್ಲಿ ಒರಟು ಮೆಟ್ಟಿಲಿನಂಥ ಇಳಿಜಾರು, ಕಾಲುವೆಯ ಮೇಲೆ ಮಣ್ಣು ಹಾಕಿ ಗಿಡ ಬೆಳೆಸಿದ ಅಗಲದ ಸೇತುವೆ ಮಾಡಿದರೆ ಎಷ್ಟೋ ಜೀವ ಉಳಿಯುತ್ತದೆ. ಆದರೆ ಸೇತುವೆ ಎಲ್ಲಿ ಬೇಕು ಎನ್ನುವುದು ಪ್ರಾಣಿಗಳ ಹಳೆಯ ಜಾಡು ನೋಡಿ ನಿರ್ಧಾರ ಆಗಬೇಕು. ಎಂಜಿನಿಯರಿಗೆ ಸುಲಭವಾದ ಕಡೆ ಅಲ್ಲ.

ಹಿನ್ನೀರಿನ ಅಂಚಿನಿಂದ ಹಕ್ಕಿಗಳಿಗೆ ಲಾಭ ಎಂದು ಕೆಲವು ವರದಿಗಳು ಬರೆಯುತ್ತವೆ. ನೀರಿನ ಮಟ್ಟ ವರ್ಷಕ್ಕೆ ಹತ್ತಿಪ್ಪತ್ತು ಮೀಟರ್ ಏರಿಳಿದರೆ ಆ ಅಂಚಿನಲ್ಲಿ ಬೆಳೆಯುವುದು ಏನೂ ಇಲ್ಲ, ಬೋಳು ಕೆಸರಿನ ಪಟ್ಟಿ ಅಷ್ಟೇ. ಹೊಸ ಕೆರೆ ಹೊಸ ಮೀನುಗಳನ್ನೂ ತರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೆಡರ್ ಸರೋವರವನ್ನು 1972ರಲ್ಲಿ ದೊಡ್ಡ ಜಲಾಶಯದಲ್ಲಿ ಮುಳುಗಿಸಿದರು. ಅಲ್ಲಿಯದೇ ಆದ ಪೆಡರ್ ಗ್ಯಾಲಾಕ್ಸಿಯಾಸ್ ಎಂಬ ಪುಟ್ಟ ಮೀನಿಗೆ ನೀರು ಬೇಕಾದಷ್ಟು ಹೆಚ್ಚಿತು. ಜೊತೆಗೆ ಟ್ರೌಟ್ ಮತ್ತು ಇನ್ನೊಂದು ಪೈಪೋಟಿಯ ಮೀನೂ ಬಂದವು. ಗ್ಯಾಲಾಕ್ಸಿಯಾಸ್ ತನ್ನ ಮನೆಯಿಂದಲೇ ಕಾಣೆಯಾಯಿತು. ಬೇರೊಂದು ಬೆಟ್ಟದ ಕೆರೆಗೆ ಒಯ್ದು ಬಿಟ್ಟಿದ್ದರಿಂದ ಇಂದಿಗೂ ಉಳಿದಿದೆ.

ನಷ್ಟವನ್ನು ಸಂಖ್ಯೆಯಲ್ಲಿ ಹೇಳುವ ಒಂದು ಪದ್ಧತಿಯನ್ನೂ ನೀವು ತಿಳಿದಿರಬೇಕು. 1980ರಲ್ಲಿ ಅಮೆರಿಕದ ಅದೇ ಮೀನು ಮತ್ತು ವನ್ಯಜೀವಿ ಸೇವೆಯವರು ಅದಕ್ಕೊಂದು ಕೈಪಿಡಿ ತಂದರು. ಒಂದು ಪ್ರಾಣಿಗೆ ಆ ನೆಲ ಎಷ್ಟು ಹೊಂದುತ್ತದೆ ಎಂದು 0ಯಿಂದ 1ರ ತನಕ ಅಂಕ ಕೊಡುತ್ತಾರೆ. ಅದನ್ನು ವಿಸ್ತಾರದಿಂದ ಗುಣಿಸುತ್ತಾರೆ. 100 ಹೆಕ್ಟೇರಿಗೆ 0.8 ಅಂಕ ಬಂದರೆ 80 ಘಟಕ. ಹೋಲಿಕೆಗೆ ಇದು ಉಪಯುಕ್ತ. ಆದರೆ 0.2 ಅಂಕದ 400 ಹೆಕ್ಟೇರ್ ಕೊಟ್ಟರೂ 80 ಘಟಕವೇ ಆಗುತ್ತದೆ. ಕಾಗದದ ಮೇಲೆ ಸರಿಸಮ. ಚಳಿಗಾಲ ದಾಟಲು ಆ ತಳದ ಹುಲ್ಲೇ ಬೇಕಿದ್ದ ಜಿಂಕೆಗೆ ನಾಲ್ಕುನೂರು ಹೆಕ್ಟೇರ್ ಕಲ್ಲುಗುಡ್ಡದಿಂದ ಏನೂ ಆಗಬೇಕಾಗಿಲ್ಲ. "ಬದಲಿ ಕಾಡು ಬೆಳೆಸುತ್ತೇವೆ" ಎಂಬ ಮಾತು ಬಂದಾಗ ಇದನ್ನು ನೆನಪಿಡಿ. ಮೊದಲು ತಪ್ಪಿಸಿಕೊಳ್ಳಲು ಆಗುತ್ತದಾ, ಅಂದರೆ ಅಣೆಕಟ್ಟನ್ನು ಮೇಲೆ ಅಥವಾ ಕೆಳಗೆ ಸರಿಸಬಹುದಾ, ಎತ್ತರ ಇಳಿಸಬಹುದಾ, ಒಂದು ಹಳ್ಳವನ್ನಾದರೂ ಮುಟ್ಟದೆ ಬಿಡಬಹುದಾ. ಆಮೇಲೆ ಕಮ್ಮಿ ಮಾಡಲು ಆಗುತ್ತದಾ. ಬದಲಿ ಕೊಡುವ ಮಾತು ಕೊನೆಯದು. ಮೀನುಮರಿ ಕೇಂದ್ರದಲ್ಲಿ ಮರಿ ಮಾಡಿ ಬಿಡುತ್ತೇವೆ ಎನ್ನುವುದೂ ಆ ಕೊನೆಯ ಸಾಲಿನದೇ.

ಇಂಥ ಯೋಜನೆ ಎಲ್ಲವೂ ಬೇಡ ಎಂದು ನಾನು ಹೇಳುತ್ತಿಲ್ಲ. ನೀರು ಜನಕ್ಕೂ ಬೇಕು. ಅಮೆರಿಕದಲ್ಲಿ ನೀರಿನ ಯೋಜನೆ ಮಾಡುವಾಗ ವನ್ಯಜೀವಿ ತಜ್ಞರನ್ನು ಕೇಳುವ ಕಾನೂನು 1934ರಲ್ಲೇ ಬಂತು. ಯೋಜನೆಯ ಉಳಿದ ಉದ್ದೇಶಗಳಿಗೆ ಸಮನಾಗಿ ವನ್ಯಜೀವಿಗಳನ್ನೂ ಪರಿಗಣಿಸಬೇಕು ಎಂದು 1958ರ ತಿದ್ದುಪಡಿ ಸೇರಿಸಿತು. ಸಮನಾಗಿ ಎನ್ನುವುದಷ್ಟೇ ನನ್ನ ಆಸೆಯೂ.

ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ದೊಡ್ಡ ಹಾಳೆಯ ಮೇಲೆ ಹನ್ನೆರಡು ತಿಂಗಳ ಮನೆಗಳನ್ನು ಎಳೆಯಿರಿ. ಮೇಲಿನ ಸಾಲಿನಲ್ಲಿ ಈಗ ನದಿಯಲ್ಲಿ ಹರಿಯುವ ನೀರು. ಅದರ ಕೆಳಗೆ ಯೋಜನೆ ಬಂದ ಮೇಲೆ ಉಳಿಯುವ ನೀರು. ಆಮೇಲಿನ ಸಾಲುಗಳಲ್ಲಿ ಮೀನು ಏರುವ ತಿಂಗಳು, ಮೊಟ್ಟೆಯ ತಿಂಗಳು, ಮರಿಯ ತಿಂಗಳು, ಕಪ್ಪೆ ಕೂಗುವ ತಿಂಗಳು, ಪ್ರಾಣಿಗಳು ತಳಕ್ಕೆ ಇಳಿಯುವ ತಿಂಗಳು. ಮೀನು ಹಿಡಿಯುವವರ ಜೊತೆ ಕೂತು ತುಂಬಿಸಿ. ವರದಿಯಲ್ಲಿ ಇಲ್ಲದ ಮನೆಗಳನ್ನು ಖಾಲಿ ಬಿಡಿ. ಸಭೆಯಲ್ಲಿ ಆ ಹಾಳೆಯನ್ನೇ ಮೇಜಿನ ಮೇಲೆ ಬಿಚ್ಚಿಟ್ಟು, ಖಾಲಿ ಮನೆಗಳನ್ನು ತೋರಿಸಿ ಕೇಳಿ. ಮೀನಿನ ಸಂಖ್ಯೆ ಇಳಿದರೆ ಹೆಚ್ಚು ನೀರು ಬಿಡಲು ಆದೇಶ ಕೊಡುವವರು ಯಾರು, ಅದನ್ನು ಯಾರು ಅಳೆಯುತ್ತಾರೆ, ಆ ಅಂಕಿಗಳು ಜನರಿಗೆ ಸಿಗುತ್ತವಾ ಎಂಬ ಮೂರು ಮಾತಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಹಾಳೆ ತುಂಬಿಸಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ಹರಿವಿನ ಕೋಷ್ಟಕ ಸಿಕ್ಕರೆ ಅದನ್ನೂ ಜೊತೆಗಿಡಿ, ಸಾಲು ಸಾಲಾಗಿ ನೋಡಿ ಬರೆಯುತ್ತೇನೆ.